ಚಿಪ್‌ವಿಟ್ಸ್‌ನಂಥ ಹಳೇ ರೋಬೋಟ್ ಪ್ರೋಗ್ರಾಮಿಂಗ್ ಆಟವನ್ನು ಹೊಸದಾಗಿ ತರುವಾಗ ಹಳೇ ಕೋಡನ್ನೇ ಯಾಕೆ ಬಳಸುವುದಿಲ್ಲ?

ಹಳೇ ಕೋಡ್ ಹಳೇ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಅದಕ್ಕೆ. 1984ರ ಚಿಪ್‌ವಿಟ್ಸ್ ಅನ್ನು ಡಗ್ ಶಾರ್ಪ್ ಮತ್ತು ಮೈಕ್ ಜಾನ್‌ಸ್ಟನ್ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರು. ಆಗಿನ ಪರದೆ ಬರೀ ಕಪ್ಪು-ಬಿಳುಪು, 512×342 ಚುಕ್ಕಿಗಳದ್ದು. ಚಿತ್ರ, ಸದ್ದು ಎಲ್ಲವನ್ನೂ ಹೊಸದಾಗಿಯೇ ಬರೆಯಬೇಕು.

ಉಳಿಸಿಕೊಳ್ಳಬೇಕಾದ್ದು ನಿಯಮಗಳನ್ನು. ಇಲ್ಲಿ ಆಟಗಾರ ಚಿತ್ರದ ಬಿಲ್ಲೆಗಳನ್ನು ಜೋಡಿಸಿ 'ನೋಡು, ನಡೆ, ಎತ್ತಿಕೋ' ಎಂದು ಪ್ರೋಗ್ರಾಂ ಮಾಡುತ್ತಾನೆ. ಆಮೇಲೆ ರೋಬೋಟ್ ತಾನೇ ಓಡಾಡುತ್ತದೆ. ನಿಜವಾದ ಕಷ್ಟ ಇಲ್ಲೇ ಇರುವುದು. ರೋಬೋಟ್‌ನ ಹೆಜ್ಜೆಯನ್ನು ಪರದೆಯ ಮೇಲೆ ಚಿತ್ರ ಬದಲಾಗುವ ವೇಗಕ್ಕೆ ಕಟ್ಟಿಹಾಕಿದರೆ ಒಂದೇ ಪ್ರೋಗ್ರಾಂ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ ನಡೆಯಬಹುದು. ಆಗ ತಪ್ಪು ತನ್ನದೋ ಆಟದ್ದೋ ಅಂತ ಆಟಗಾರನಿಗೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಹೆಜ್ಜೆಯ ಲೆಕ್ಕವನ್ನು ಚಿತ್ರ ಬಿಡಿಸುವ ಕೆಲಸದಿಂದ ಪೂರ್ತಿ ಬೇರೆ ಇಡಬೇಕು. ನಾನಾದರೆ ಮೊದಲು ಇದನ್ನೇ ಮಾಡುತ್ತೇನೆ, ಬಣ್ಣ-ಗಿಣ್ಣ ಎಲ್ಲ ಆಮೇಲೆ.