ಪಿನ್‌ಬಾಲ್ ನಿಷೇಧ: ತಿಪಟೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಾಣ್ಯ ಹಾಕಿ, ಇಳಿಜಾರಾದ ಪೆಟ್ಟಿಗೆಯೊಳಗೆ ಲೋಹದ ಗುಂಡು ಚಿಮ್ಮಿಸಿ ಅಂಕ ಗಳಿಸುವ ಯಂತ್ರದಾಟವೇ ಪಿನ್‌ಬಾಲ್. ಕಳೆದ ಸಂಚಿಕೆಯ ಪಿನ್‌ಬಾಲ್ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಡೀ ಅಮೆರಿಕ ನಿಷೇಧಿಸಿದ್ದ ಆಟವನ್ನು ಪತ್ರಕರ್ತನೊಬ್ಬ ಒಂದೇ ಹೊಡೆತದಲ್ಲಿ ಬಿಡಿಸಿಕೊಂಡ ರೋಚಕ ಕಥೆಯನ್ನು ನಾವೇಕೆ ಒಂದು ಸಾಲಿಗೆ ಮುಗಿಸಿದೆವು? ಮೊಬೈಲ್ ಕಾಲದಲ್ಲಿ ಈ ಪೆಟ್ಟಿಗೆಯ ಮುಂದೆ ಯಾರು ನಿಲ್ಲುತ್ತಾರೆ?

ಮೊದಲು ನಮ್ಮ ತಪ್ಪು. 'ಅಮೆರಿಕದಲ್ಲಿ ನಿಷೇಧ' ಎಂದು ಅಚ್ಚು ಹಾಕಿದ್ದು ನಾವೇ. ಇಡೀ ದೇಶಕ್ಕೆ ಅನ್ವಯಿಸುವ ನಿಷೇಧ ಎಂದೂ ಇರಲಿಲ್ಲ. ಒಂದೊಂದು ಊರು ಒಂದೊಂದು ಕಾನೂನು ಮಾಡಿಕೊಂಡಿತ್ತು: ಲಾಸ್ ಏಂಜಲೀಸ್ 1939ರಲ್ಲಿ, ನ್ಯೂಯಾರ್ಕ್ 1942ರಲ್ಲಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳು ಯಂತ್ರ ತಯಾರಿಸುತ್ತಿದ್ದ ಶಿಕಾಗೊದಲ್ಲೂ ದಶಕಗಳ ಕಾಲ ಆಡುವಂತಿರಲಿಲ್ಲ. ಮಾಡಿ ಮಾರಬಹುದು, ಆಡಬಾರದು!

ನ್ಯೂಯಾರ್ಕಿನ ಮೇಯರ್ ಲಾಗಾರ್ಡಿಯಾರನ್ನು ಈಗಿನವರು ಆಟ ಕಂಡರಾಗದ ಸಿಡುಕ ಎನ್ನುತ್ತಾರೆ. ಅವರ ಪರ ವಕಾಲತ್ತು ನನಗೆ ಬೇಕಿಲ್ಲ; ಆದರೆ ಅವರು ನಿಷೇಧಿಸಿದ್ದು ಯಾವ ಯಂತ್ರವನ್ನು ಎಂದು ನೋಡಬೇಕು. ನಮ್ಮ ಮನೆಗಳಲ್ಲಿದ್ದ ಬ್ಯಾಗಟೆಲ್ ಬೋರ್ಡ್ ನೆನಪಿದೆಯಲ್ಲ? ಗೋಲಿ ಚಿಮ್ಮಿಸಿದರೆ ಮೊಳೆಗಳ ನಡುವೆ ತಾನಾಗಿ ಉರುಳಿ ಯಾವುದೋ ಗೂಡಿಗೆ ಬೀಳುತ್ತಿತ್ತು. 1942ರ ಪಿನ್‌ಬಾಲ್ ಹೆಚ್ಚುಕಡಿಮೆ ಅಷ್ಟೇ. ಚಿಮ್ಮಿಸಿದ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಕುಲುಕಬಹುದಿತ್ತು, ಜೋರಾಗಿ ಕುಲುಕಿದರೆ 'ಟಿಲ್ಟ್', ಆಟ ಖತಂ. ಕೆಲವು ಯಂತ್ರಗಳು ಗೆದ್ದವನಿಗೆ ದುಡ್ಡನ್ನೇ ಉದುರಿಸುತ್ತಿದ್ದವು. ಅದನ್ನು ಜೂಜು ಎಂದವರನ್ನು ದಡ್ಡರೆನ್ನಲಾರೆ.

ಗುಂಡಿ ಒತ್ತಿದರೆ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಪುಟ್ಟ ಪಟ್ಟಿ, ಅಂದರೆ ಫ್ಲಿಪ್ಪರ್, ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ. ಕೈಚಳಕ ಶುರುವಾದದ್ದು ಅಲ್ಲಿಂದ. ಯಂತ್ರ ಬದಲಾಯಿತು, ಕಾನೂನು ಬದಲಾಗಲಿಲ್ಲ. ಗೆದ್ದವನಿಗೆ ಪುಕ್ಕಟೆ ಇನ್ನೊಂದು ಆಟ ಕೊಟ್ಟರೂ ಅದು ಬೆಲೆಯುಳ್ಳ ಬಹುಮಾನ ಎಂಬ ವಾದ ಕೆಲವೆಡೆ ನಡೆಯಿತು. ಗಾಟ್ಲೀಬ್ ಜಾಣರು, 1960ರಲ್ಲಿ ಹೊಸ ಆಟದ ಬದಲು ಅದೇ ಆಟದಲ್ಲಿ ಇನ್ನೊಂದು ಗುಂಡು ಕೊಡುವ ಯಂತ್ರ ತಂದರು!

ಅಂದಹಾಗೆ, ನೀವು ಕಳಿಸಿದ ಚಿತ್ರದಲ್ಲಿ ಲಾಗಾರ್ಡಿಯಾ ಸುತ್ತಿಗೆಯಿಂದ ಒಡೆಯುತ್ತಿರುವುದು ಪಿನ್‌ಬಾಲ್ ಅಲ್ಲ. ಅದು 1934ರದು, ಅಲ್ಲಿರುವುದು ಸ್ಲಾಟ್ ಮಷೀನ್, ಅಪ್ಪಟ ಜೂಜಿನ ಯಂತ್ರ.

ಇನ್ನು ಆ ಹೊಡೆತ. 1976ರಲ್ಲಿ ನೀವು ಹೇಳಿದ ಆ ಪತ್ರಕರ್ತ ರಾಜರ್ ಶಾರ್ಪ್ ನ್ಯೂಯಾರ್ಕ್ ನಗರಸಭೆಯ ಸಮಿತಿಯ ಮುಂದೆ ಆಡಿ ತೋರಿಸಿದ್ದು ನಿಜ. ಅವರು ಅಭ್ಯಾಸ ಮಾಡಿದ್ದ ಯಂತ್ರದ ಮೇಲೆ ಸಮಿತಿಯಲ್ಲಿ ಅನುಮಾನಪಟ್ಟು, ಪಕ್ಕದಲ್ಲಿದ್ದ ಇನ್ನೊಂದರಲ್ಲಿ ಆಡಿಸಿದ್ದೂ ನಿಜ. ಗುಂಡು ಯಾವ ದಾರಿಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ ಹಾಗೆಯೇ ಬಿಟ್ಟರು, ಸಮಿತಿ ಒಪ್ಪಿತು. ಆದರೆ ಅದರಲ್ಲಿ ಅದೃಷ್ಟವೂ ಇತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಅದೃಷ್ಟದ ಆಟವಲ್ಲ ಎಂದು ಸಾಬೀತುಪಡಿಸಿದ್ದು ಅದೃಷ್ಟ! ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಇದೊಂದೇ. ನಗರ ಆಗ ದಿವಾಳಿಯ ಅಂಚಿನಲ್ಲಿತ್ತು, ನಿಷೇಧ ತೆಗೆದರೆ ಬರುವ ಲೈಸೆನ್ಸ್ ಶುಲ್ಕ ಯಾರಿಗೆ ಬೇಡ? ಅದಕ್ಕೂ ಎರಡು ವರ್ಷ ಮೊದಲೇ, 1974ರಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಲಾಸ್ ಏಂಜಲೀಸಿನ ನಿಷೇಧವನ್ನು ತಳ್ಳಿಹಾಕಿತ್ತು. ತೀರ್ಪಿನ ಮೇಲೆ ಸಿನಿಮಾ ಮಾಡಲು ಕಷ್ಟ, ಅದಕ್ಕೇ ಅದು ಯಾರಿಗೂ ನೆನಪಿಲ್ಲ.

ಕೌಶಲವೋ ಅದೃಷ್ಟವೋ ಎಂಬ ಈ ಜಗಳ ನಮಗೂ ಹೊಸದಲ್ಲ. 1957ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಬಿಡಿಸಿದ್ದು ಬೆಂಗಳೂರಿನ ಒಂದು ವಾರಪತ್ರಿಕೆ ನಡೆಸುತ್ತಿದ್ದ ಪದಬಂಧ ಸ್ಪರ್ಧೆಯ ಮೊಕದ್ದಮೆಯಲ್ಲಿ. ಪತ್ರಿಕೆಯವನಾದ್ದರಿಂದ ಹೇಳದೆ ಇರಲಾರೆ.

ಎರಡನೆಯ ಪ್ರಶ್ನೆಗೆ ಚುಟುಕು ಉತ್ತರ. 1999ರಲ್ಲಿ ವಿಲಿಯಮ್ಸ್ ಪಿನ್‌ಬಾಲ್ ತಯಾರಿಕೆ ಕೈಬಿಟ್ಟಾಗ ದೊಡ್ಡ ತಯಾರಕರೆಂದು ಉಳಿದದ್ದು ಸ್ಟರ್ನ್ ಒಂದೇ. ಈಗ ಜೆರ್ಸಿ ಜ್ಯಾಕ್‌ನಂಥ ಹೊಸ ಕಂಪನಿಗಳಿವೆ, ಟೂರ್ನಿಗಳಿವೆ, ಶಾರ್ಪ್ ಅವರ ಮಕ್ಕಳೇ ನಡೆಸುವ ಜಾಗತಿಕ ರ‍್ಯಾಂಕಿಂಗ್ ಇದೆ. ಹಳೆಯ ನೆನಪಿಗಾಗಿ ಜನ ಬರುತ್ತಾರೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಡುವವರಲ್ಲಿ ಎಷ್ಟೋ ಮಂದಿಗೆ ಹಳೆಯ ನೆನಪೇ ಇರಲಾರದು. ನಮ್ಮಲ್ಲಿ ಹೆಚ್ಚಿನವರು ಪಿನ್‌ಬಾಲ್ ಕಂಡದ್ದು ವಿಂಡೋಸ್ ಕಂಪ್ಯೂಟರಿನ 'ಸ್ಪೇಸ್ ಕೆಡೆಟ್'ನಲ್ಲಿ. ಅಲ್ಲಿ ಪೆಟ್ಟಿಗೆಯನ್ನು ಕೀಲಿಮಣೆಯಿಂದ ಕುಲುಕಬೇಕಿತ್ತು. ಸೊಂಟ ಕೊಟ್ಟು ತಳ್ಳಿ, ಟಿಲ್ಟ್ ಆಗುವ ಮುನ್ನ ಕೈ ತಡೆಯುವ ಸುಖ ಪರದೆಯಲ್ಲಿ ಎಲ್ಲಿ ಬರಬೇಕು?

ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ. ನಿಮ್ಮ ಚಿತ್ರವನ್ನು ಅಂಚೆಯಲ್ಲಿ ಮರಳಿಸುತ್ತಿದ್ದೇವೆ. ಹಿಂದೆ ಪೆನ್ಸಿಲಿನಲ್ಲಿ ಇಸವಿ ಬರೆದಿದ್ದೇನೆ, ಕ್ಷಮಿಸಿ.

— ಸಂಪಾದಕ