ಓದುಗರ ಪ್ರಶ್ನೆ: ಅಂಡಮಾನಿನಲ್ಲಿ ನಾಲ್ಕು ರಾತ್ರಿ ಆರಾಮ

ಪ್ರಶ್ನೆ: ಏಜೆಂಟರು ನಾಲ್ಕು ರಾತ್ರಿಗೆ ಮೂರು ದ್ವೀಪ ಹೇಳುತ್ತಿದ್ದಾರೆ. ನಮಗೆ ಒಂದೇ ರೆಸಾರ್ಟಿನಲ್ಲಿ ಆರಾಮಾಗಿ ಇರಬೇಕು. ಹೇಗೆ ಹೊಂದಿಸುವುದು?
– ಓದುಗರು, ಹುಮನಾಬಾದ್

ಉತ್ತರ: ಮೂರು ದ್ವೀಪ ಖಂಡಿತ ಬೇಡ. ರೂಮು ಖಾಲಿ ಮಾಡುವುದು, ಜೆಟ್ಟಿಯಲ್ಲಿ ಕಾಯುವುದು, ಇದರಲ್ಲೇ ದಿನ ಹೋಗುತ್ತದೆ. ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ಮೂರು ರಾತ್ರಿ ಇರಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂಗೆ ಬಂದುಬಿಡಿ. ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ. ವಿಮಾನದ ದಿನವೇ ದ್ವೀಪ ಬಿಡುವ ಲೆಕ್ಕ ಹಾಕಿದವರಿಗೆ ವಿಮಾನ ತಪ್ಪುವುದು ಇದರಿಂದಲೇ. ಹೋಗುವಾಗ ಹೈದರಾಬಾದಿನಿಂದ ಬೆಳಗಿನ ವಿಮಾನ ಹಿಡಿಯಿರಿ, ಮಧ್ಯಾಹ್ನದ ಫೆರ್ರಿ ಸಿಗಬೇಕಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ರೂಮು ಬುಕ್ ಮಾಡುವ ಮೊದಲು ರೆಸಾರ್ಟ್ ಯಾವ ದಂಡೆಯಲ್ಲಿದೆ ಎಂದು ಕೇಳಿ. ಹೆಚ್ಚಿನವು ಪೂರ್ವದ ವಿಜಯನಗರ, ಗೋವಿಂದನಗರ ಕಡೆ ಇವೆ. ಅಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದು ಕಲ್ಲು, ಸತ್ತ ಹವಳ ಹೊರಬೀಳುತ್ತವೆ. ಈಜು ಆಗುವುದಿಲ್ಲ, ಬರಿಗಾಲು ಕೊಯ್ಯುತ್ತದೆ. ಪಶ್ಚಿಮದ ರಾಧಾನಗರ ದಂಡೆ ಪೂರ್ತಿ ಮರಳು, ಬೆನ್ನಿಗೆ ಕಾಡು. ಬಾಡಿಗೆ ಜಾಸ್ತಿಯಾದರೂ ವಿಶ್ರಾಂತಿಗೆ ಅದೇ ಸರಿ. ಉಬ್ಬರಕ್ಕೂ ಇಳಿತಕ್ಕೂ ಸುಮಾರು ಆರು ತಾಸಿನ ಅಂತರ, ಅವುಗಳ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಂದ ದಿನವೇ ರಿಸೆಪ್ಶನ್‌ನಲ್ಲಿ ವೇಳೆ ಬರೆದುಕೊಳ್ಳಿ. ಇನ್ನೊಂದು ಮಾತು: ಅಲ್ಲಿ ಹೊತ್ತು ಕಲಬುರಗಿಗಿಂತ ಸುಮಾರು ಒಂದು ತಾಸು ಮೊದಲೇ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಐದು ಗಂಟೆಗೇ ಸೂರ್ಯಾಸ್ತ, ನಾಲ್ಕಕ್ಕೆಲ್ಲ ದಂಡೆಯಲ್ಲಿರಿ. ಮೊಸಳೆ ಎಚ್ಚರಿಕೆಯ ಫಲಕ ಇದ್ದಲ್ಲಿ ನೀರಿಗಿಳಿಯಲೇಬೇಡಿ.

ಪ್ರಶ್ನೆ: ಈಜು ಬರುವುದಿಲ್ಲ. ಹವಳ ನೋಡಲಾದೀತೇ?
– ಓದುಗರು, ಶಹಾಪುರ

ಉತ್ತರ: ಆದೀತು. ಲೈಫ್ ಜಾಕೆಟ್ ಹಾಕಿ, ಗೈಡ್ ಜೊತೆ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿ ತೇಲುತ್ತ ನೀರಿನೊಳಗೆ ನೋಡುವುದು) ಮಾಡಿ. ಗಡಿಬಿಡಿ ಆಗುವುದೆಲ್ಲ ಮಾಸ್ಕ್ ಸೋರಿದಾಗ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಮೂಗಿನ ಕೆಳಗೆ ದಟ್ಟ ಮೀಸೆ ಇದ್ದರೆ ಅಲ್ಲಿಂದಲೇ ನೀರು ನುಗ್ಗುತ್ತದೆ. ಮೀಸೆಯ ಮೇಲಂಚನ್ನು ಸ್ವಲ್ಪ ಕತ್ತರಿಸಿಕೊಳ್ಳಿ. ದಣಿವಾದರೆ ಹವಳದ ಮೇಲೆ ನಿಲ್ಲಬೇಡಿ, ಬೆನ್ನ ಮೇಲೆ ತೇಲಿ. ಹವಳ ಜೀವಿ. ಗಟ್ಟಿ ಬಂಡೆಯಂಥ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತವೆ, ಒಂದು ಕಾಲಿಟ್ಟರೆ ಎಷ್ಟೋ ವರ್ಷದ ಬೆಳವಣಿಗೆ ಮುರಿದಂತೆ. ಆಕ್ಸಿಬೆನ್‌ಝೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿ. ಅದರ ಬದಲು ಉದ್ದ ತೋಳಿನ ಅಂಗಿ ತೊಡಿ.

ಪ್ರಶ್ನೆ: ಮಕ್ಕಳು ದಂಡೆಯ ಹವಳದ ಚೂರು ತರಬಹುದೇ? ಜಾಲಿ ಬಾಯ್ ದ್ವೀಪಕ್ಕೆ ರೊಟ್ಟಿ ಒಯ್ಯಬಹುದೇ?
– ಓದುಗರು, ಸೇಡಂ

ಉತ್ತರ: ಸತ್ತ ಚೂರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಜಾಲಿ ಬಾಯ್ ಇರುವುದು 1983ರಲ್ಲಿ ಘೋಷಣೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. ಪೋರ್ಟ್ ಬ್ಲೇರ್ ಬಳಿಯ ವಂಡೂರಿನಿಂದ ದೋಣಿ, ಸೋಮವಾರ ರಜೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸ್ಟೀಲ್ ಡಬ್ಬಿಯಲ್ಲಿ, ನೀರು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಡಬ್ಬಿಯೊಳಗೆ ಕ್ಯಾರಿಬ್ಯಾಗ್ ಸುತ್ತಬೇಡಿ, ಬಟ್ಟೆ ಸಾಕು.