ತೊರಕೆ ಮುಳ್ಳು ಹೊಡೆದರೆ ಐಸ್ ಅಲ್ಲ, ಬಿಸಿನೀರು

ಮಲ್ಪೆಯ ತಮ್ಮಾ, ನಮ್ಮ ಮೀನುಗಾರರ ಗುಂಪಿನಲ್ಲಿ ನೀವು ಹಾಕಿದ ಪಟ ನೋಡಿದೆ. ಬೋಟಿನ ಕೆಲಸಗಾರ ಕಲಾಸಿಯ ಪಾದಕ್ಕೆ ತೊರಕೆ ಮೀನಿನ ಬಾಲದ ವಿಷಮುಳ್ಳಿನ ಏಟು, ಪಾದವನ್ನು ಐಸ್ ತುಂಬಿದ ಕ್ರೇಟಿನಲ್ಲಿ ಹೂತಿದ್ದೀರಿ, ಮಂಡಿಯ ಕೆಳಗೆ ನೈಲಾನ್ ಹಗ್ಗ ಬಿಗಿದಿದ್ದೀರಿ. ‘ಒಂದು ಗಂಟೆಯಾಯಿತು, ನೋವು ಇಳಿಯುತ್ತಿಲ್ಲ, ಯಾವ ಮುಲಾಮು ಹಚ್ಚಲಿ’ ಎಂದು ಕೇಳಿದ್ದೀರಿ. ಕೆಳಗೆ ಹದಿನೆಂಟು ಜನ ಹದಿನೆಂಟು ಮುಲಾಮಿನ ಹೆಸರು ಬರೆದಿದ್ದಾರೆ. ಹಗ್ಗ ಬಿಚ್ಚಿ ಎಂದು ಒಬ್ಬರೂ ಬರೆದಿಲ್ಲವಲ್ಲ ಮಾರಾಯರೇ! ಮೊದಲು ಹಗ್ಗ ಬಿಚ್ಚಿ, ಐಸ್ ತೆಗೆಯಿರಿ, ಕಾಲನ್ನು ಬಿಸಿನೀರಿಗೆ ಇಳಿಸಿ. ಉಳಿದದ್ದನ್ನು ಅವನ ಕಾಲು ನೀರಿನಲ್ಲಿರುವಾಗ ಓದಿ.

ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣವಿದೆ. ಇದೇ ಐಸ್, ಇದೇ ಹಗ್ಗದ ತಪ್ಪನ್ನು 2011ರಲ್ಲಿ ನಾನೇ ಮಾಡಿದ್ದೇನೆ. ನೇತ್ರಾಣಿ ದ್ವೀಪದಿಂದಲೂ ಆಚೆ, ರಾತ್ರಿ ಬಲೆಯ ಎರಡನೆಯ ಎಳೆತ. ಬಲೆಯ ಬುಡದ ಗಂಟು ಬಿಚ್ಚಿ ಮೀನು ಸುರಿದಾಗ ರಾಶಿಯ ಅಡಿಯಲ್ಲಿ ಒಂದು ತೊರಕೆ ಇತ್ತು. ನಮ್ಮ ಹುಡುಗ ಬರಿಗಾಲಿನಲ್ಲಿ ರಾಶಿಯೊಳಗೆ ನಡೆದ. ಹಿಮ್ಮಡಿಯ ಮೇಲೆ ಒಂದೇ ಏಟು. ಬೋಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಐಸ್, ಕೈಗೆ ಮೊದಲು ಸಿಗುವುದು ಹಗ್ಗ. ಎರಡನ್ನೂ ಉಪಯೋಗಿಸಿದೆ. ಹಾವು ಕಡಿದರೆ ಕಟ್ಟುತ್ತಾರಲ್ಲ, ಇದೂ ವಿಷವೇ ಎಂದು ನನ್ನ ಲೆಕ್ಕ. (ಹಾವು ಕಡಿದರೂ ಹಾಗೆ ಬಿಗಿಯಬಾರದು ಎಂದು ಆಮೇಲೆ ಗೊತ್ತಾಯಿತು.) ಹುಡುಗ ಲುಂಗಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೆಳಗಿನವರೆಗೂ ನರಳಿದ. ಐಸ್ ಕರಗಿದ ನೀರು ಕ್ರೇಟಿನ ಕಿಂಡಿಯಿಂದ ಗುಲಾಬಿ ಬಣ್ಣದಲ್ಲಿ ಇಳಿಯುತ್ತಿತ್ತು, ನಾನು ಮತ್ತೆ ಮತ್ತೆ ಹೊಸ ಐಸ್ ಸುರಿಯುತ್ತಿದ್ದೆ. ಬೋಟು ಕಟ್ಟುವ ದಕ್ಕೆಗೆ ಬರುವ ಹೊತ್ತಿಗೆ ಪಾದ ಕಪ್ಪುನೀಲಿ. ಗಾಯದೊಳಗೆ ಮುಳ್ಳಿನ ತುಂಡೊಂದು ಉಳಿದಿತ್ತು. ಹುಣ್ಣು ಮೂರು ತಿಂಗಳು ಮಾಯಲಿಲ್ಲ, ಆ ಸೀಸನ್ ಪೂರ್ತಿ ಅವನಿಗೆ ಹೋಯಿತು. ‘ಐಸ್ ಇಟ್ಟವರು ಯಾರು?’ ಎಂದು ಡಾಕ್ಟರ್ ಕೇಳಿದಾಗ ನಾನು ಬಾಯಿ ಬಿಡಲಿಲ್ಲ.

ಬಿಸಿನೀರಿನ ದಾರಿ ತೋರಿಸಿದವರು ಮೂರು ವರ್ಷದ ನಂತರ ನಮ್ಮ ಬೋಟಿಗೆ ಬಂದ ಕನ್ಯಾಕುಮಾರಿ ಕಡೆಯ ಡ್ರೈವರ್. ಈ ಸಲ ಏಟು ಬಿದ್ದದ್ದು ನನ್ನದೇ ಕೈಗೆ. ಅವರು ಮಾತಾಡಲಿಲ್ಲ. ಎಂಜಿನ್ ತಂಪು ಮಾಡಿ ಹೊರಗೆ ಬೀಳುತ್ತದಲ್ಲ ಕಡಲ ನೀರು, ಅದರ ಕೆಳಗೆ ಬಕೆಟ್ ಹಿಡಿದು ತುಂಬಿಸಿ ತಂದು ನನ್ನ ಕೈಯನ್ನು ಮೊಣಕೈವರೆಗೆ ಅದರಲ್ಲಿ ಮುಳುಗಿಸಿದರು. ಕಾಲು ಗಂಟೆಯಲ್ಲಿ ನೋವು ಅರ್ಧಕ್ಕೆ ಇಳಿಯಿತು. ತೊರಕೆಯ ವಿಷ ಬಿಸಿಗೆ ತಾಳುವುದಿಲ್ಲ, ಅಷ್ಟೇ ಗುಟ್ಟು. ಸುಮಾರು 45 ಡಿಗ್ರಿ ಬಿಸಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ತಣ್ಣಗಾದಂತೆಲ್ಲ ನೀರು ಬದಲಿಸಿ. ತೆಗೆದ ಮೇಲೆ ನೋವು ತಿರುಗಿ ಬಂದರೆ ಮತ್ತೆ ಮುಳುಗಿಸಿ. ಒಂದು ಗಂಟೆ ತಡವಾಗಿದೆ ಎಂದು ಬಿಡಬೇಡಿ, ಈಗಲೂ ಉಪಯೋಗವಾಗುತ್ತದೆ.

ಆದರೆ ಇಲ್ಲಿಯೂ ಎಡವಟ್ಟು ಮಾಡುವವರಿದ್ದಾರೆ. ಬಿಸಿಯನ್ನು ಏಟು ಬಿದ್ದ ಕಾಲಿನಿಂದ ಪರೀಕ್ಷಿಸಬೇಡಿ. ಆ ನೋವಿನಲ್ಲಿ ಅವನಿಗೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಬಂದ ಮೇಲೆ ತಿಳಿಯುತ್ತದೆ. ಅವನ ಒಳ್ಳೆಯ ಕಾಲನ್ನು ಮೊದಲು ಇಡಿಸಿ, ನಿಮ್ಮ ಮೊಣಕೈಯನ್ನೂ ಅದ್ದಿ ನೋಡಿ. ಜ್ವರದ ಥರ್ಮಾಮೀಟರ್ ಅದ್ದಿ ಲೆಕ್ಕ ಹಾಕಲು ಹೋಗಬೇಡಿ, 42–43ರಿಂದ ಮೇಲೆ ಅದಕ್ಕೆ ಓದಲು ಬಾರದು. ಹೊಗೆಯ ಪೈಪಿನ ಜೊತೆಗೇ ನೀರು ಹೊರಬರುವ ಎಂಜಿನ್ ಆದರೆ ಆ ನೀರು ಬೇಡ, ಮಸಿ ಗಾಯಕ್ಕೆ ಸೇರುತ್ತದೆ. ತಳದ ಕೊಳಕು ನೀರು ಹೊರಹಾಕುವ ಪಂಪಿನ ಬಾಯಿಯೂ ಪಕ್ಕದಲ್ಲೇ ಇರುತ್ತದೆ, ಗಡಿಬಿಡಿಯಲ್ಲಿ ಅದಕ್ಕೆ ಬಕೆಟ್ ಹಿಡಿದವರನ್ನು ನಾನೇ ನೋಡಿದ್ದೇನೆ. ಇದು ಯಾವುದೂ ಬೇಡವೆಂದರೆ ಅಡುಗೆಯ ಒಲೆಯಲ್ಲಿ ನೀರು ಕಾಯಿಸಿ. ನಾನು ಈಗ ಎರಡು ಲೀಟರಿನ ಮಿಲ್ಟನ್ ಫ್ಲಾಸ್ಕಿನಲ್ಲಿ ಯಾವಾಗಲೂ ಬಿಸಿನೀರು ಇಟ್ಟಿರುತ್ತೇನೆ. ಒಳಗೆ ಸ್ಟೀಲಿನದ್ದೇ ಆಗಬೇಕು, ಗಾಜಿನದು ನಮ್ಮ ಕುಲುಕಾಟಕ್ಕೆ ಒಂದು ಟ್ರಿಪ್ ಬಾಳುವುದಿಲ್ಲ. ಚಹಾಕ್ಕೆ ಅದನ್ನು ಮುಟ್ಟಿದವನಿಗೆ ನನ್ನಿಂದ ಬೈಗುಳ ಖಾಯಂ.

ಮುಳ್ಳು ಗರಗಸದಂತಿರುತ್ತದೆ, ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ. ಕೈಕಾಲಿನಲ್ಲಿ ಮೇಲೆಯೇ ಕಾಣುವ ಚೂರಾದರೆ ಚಿಮುಟದಿಂದ ತೆಗೆಯಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ನೆಟ್ಟಿದ್ದರೆ ಎಳೆಯಲೇಬಾರದು. ಅದು ಅಲುಗಾಡದಂತೆ ಸುತ್ತಲೂ ಬಟ್ಟೆ ಒತ್ತರಿಸಿ ಬೋಟನ್ನು ದಡಕ್ಕೆ ತಿರುಗಿಸಿ. ದಡದಲ್ಲಿ ಎಕ್ಸ್‌ರೇ ಮಾಡಿಸಿ, ಟಿಟಿ ಚುಚ್ಚುಮದ್ದು ಕೊಡಿಸಿ. ಹೊಲಿಗೆ ಹಾಕಲು ಅವಸರ ಮಾಡಿದರೆ, ಒಳಗೆ ಚೂರು ಉಳಿದಿದೆಯೇ ನೋಡಿ ಎಂದು ನೀವೇ ಕೇಳಿ. ಸಕ್ಕರೆ ಕಾಯಿಲೆಯವರು, ಕುಡಿದು ಕುಡಿದು ಯಕೃತ್ತು ಕೆಡಿಸಿಕೊಂಡವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಕಡಲ ನೀರಿನ ಕೆಲವು ಕ್ರಿಮಿಗಳು ಅಂಥವರ ಸಣ್ಣ ಗಾಯವನ್ನೂ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತಾಗಿ ಮಾಡುತ್ತವೆ. ಕೆಂಪು ಹರಡುವುದು, ನೀರುಗುಳ್ಳೆ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಟ್ರಿಪ್ ಮುಗಿಯಲಿ ಎಂದು ಕಾಯಬೇಡಿ.

ಮುಲಾಮು ಕೇಳಿದ್ದಿರಲ್ಲ, ಬಿಸಿನೀರು ಆದ ಮೇಲೆ ಶುದ್ಧ ನೀರಿನಿಂದ ತೊಳೆದು ಬೆಟಾಡಿನ್ ಹಚ್ಚಿ, ಸಾಕು. ಡೆಟಾಲನ್ನು ನೀರು ಬೆರೆಸದೆ ಸುರಿಯುವ ಚಾಳಿ ನಮ್ಮವರಿಗೆ ಇದೆ, ಉರಿ ಹೆಚ್ಚಿದಷ್ಟೂ ಔಷಧಿ ಒಳ್ಳೆಯದು ಎಂಬ ನಂಬಿಕೆ ಬೇರೆ. ಅರಿಶಿನ, ಸುಣ್ಣ, ತಂಬಾಕು, ಡೀಸೆಲ್ ಯಾವುದೂ ಬೇಡ. ಹೌದು, ಡೀಸೆಲ್ ಹಾಕುವವರೂ ಇದ್ದಾರೆ.

‘ಹಾಗಾದರೆ ಹಗ್ಗ ಎಂದೂ ಕಟ್ಟಬಾರದೇ’ ಎಂದು ಯಾರಾದರೂ ಕೇಳುತ್ತೀರಿ. ವಿಷಕ್ಕೆ ಕಟ್ಟಬಾರದು. ಬಲೆ ಎಳೆಯುವ ಯಂತ್ರಕ್ಕೆ, ಅಂದರೆ ವಿಂಚಿಗೆ ಕೈ ಸಿಕ್ಕಿ ರಕ್ತ ಚಿಮ್ಮುತ್ತಿದ್ದು, ಬಟ್ಟೆ ಇಟ್ಟು ಬಲವಾಗಿ ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಕಟ್ಟಿ. ಆಗಲೂ ತೆಳ್ಳನೆಯ ಹಗ್ಗ ಬೇಡ, ಅಗಲವಾದ ಬಟ್ಟೆಯಿರಲಿ. ಕಟ್ಟಿದ ಹೊತ್ತನ್ನು ಬರೆದಿಡಿ, ಡಾಕ್ಟರ್ ನೋಡುವವರೆಗೆ ಸಡಿಲಿಸಬೇಡಿ. ಬೆರಳು ತುಂಡಾದರೆ ಅದನ್ನು ನೇರವಾಗಿ ಐಸಿಗೆ ಹಾಕಿದರೆ ಬೆರಳು ಕೆಡುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ವಿಂಚಿನ ಬಳಿ ಲುಂಗಿ ಉಟ್ಟು ನಿಲ್ಲುವವರಿಗೆ ಎಷ್ಟು ಹೇಳಿದರೂ ಅಷ್ಟೇ, ಆದರೂ ಹೇಳುತ್ತೇನೆ: ಚಡ್ಡಿ ಹಾಕಿಕೊಳ್ಳಿ.

ಕಡಲ ಹಾವಿನ ಮಾತು ಬೇರೆ. ಬಲೆಯಲ್ಲಿ ಬಂದದ್ದನ್ನು ಬಾಲ ಹಿಡಿದು ಎಸೆಯುವ ಶೂರರಿದ್ದಾರೆ. ಅದು ಕಡಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ‘ಏನೂ ಆಗಿಲ್ಲ’ ಎಂದು ಕೆಲಸ ಮುಂದುವರಿಸುತ್ತಾರೆ. ಕೆಲವು ಗಂಟೆಗಳಲ್ಲಿ ಮೈಕೈ ನೋವು, ದವಡೆ ಬಿಗಿತ, ಮೂತ್ರ ಕಪ್ಪು. ಇದಕ್ಕೆ ಬಿಸಿನೀರು ಅಲ್ಲ. ಕೈಕಾಲು ಅಲುಗಾಡಿಸದಂತೆ ಮಲಗಿಸಿ ದಡಕ್ಕೆ ಓಡಿಸಿ. ನಮ್ಮಲ್ಲಿ ಸಿಗುವ ಹಾವಿನ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಕಡಲ ಹಾವಿಗಲ್ಲ. ಆದ್ದರಿಂದ ಡಯಾಲಿಸಿಸ್, ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಿ.

ಇನ್ನು ಮೀನು ತುಂಬುವ ಸ್ಟೋರೇಜಿನ ಮುಚ್ಚಳ. ಕೊಳೆತ ಮೀನು, ಕೊಳೆತ ನೀರು ನಿಂತಿರುವಲ್ಲಿ ಇಳಿಯುವ ಮೊದಲು ಮುಚ್ಚಳ ತೆರೆದು ಗಾಳಿಯಾಡಲು ಬಿಡಿ, ಫ್ಯಾನ್ ಇದ್ದರೆ ಹಾಕಿ. ವಾಸನೆ ನಿಂತಿತು ಎಂದು ಇಳಿಯಬೇಡಿ, ಕೊಳೆತದ್ದರಿಂದ ಏಳುವ ವಿಷದ ಗ್ಯಾಸ್ ಹೆಚ್ಚಾದಾಗ ಮೂಗೇ ಸತ್ತುಹೋಗುತ್ತದೆ. 2022ರ ಏಪ್ರಿಲ್‌ನಲ್ಲಿ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬನನ್ನು ಎತ್ತಲು ಮತ್ತೊಬ್ಬರು ಇಳಿದು ಐವರು ಸತ್ತುಹೋದರು. ಒಳಗೆ ಬಿದ್ದವನ ಹಿಂದೆ ಹಾರಬೇಡಿ. ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರೆ ಮೇಲಿನಿಂದಲೇ ಎಳೆಯಬಹುದು. ಹಗ್ಗಕ್ಕೆ ಕೆಲಸವಿರುವುದು ಇಲ್ಲಿ.

ಮುಳುಗಿದವನನ್ನು ಉಪ್ಪಿನಲ್ಲಿ ಮಲಗಿಸಿ ಎಂಬ ಸಂದೇಶ ಈ ಗುಂಪಿನಲ್ಲೂ ಎರಡು ಸಲ ಬಂದಿದೆ, ಕಳುಹಿಸಿದವರು ದಯವಿಟ್ಟು ಅಳಿಸಿ. ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ಯಾವುದೂ ಬೇಡ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಮೊದಲು ಐದು ಉಸಿರು, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೇ ಬಿಡದೆ. ರಾತ್ರಿ ಬೋಟಿನ ಅಂಚಿನಲ್ಲಿ ಮೂತ್ರಕ್ಕೆ ನಿಂತು ಬೀಳುವವರೇ ನನಗೆ ಗೊತ್ತಿರುವಂತೆ ಹೆಚ್ಚು. ಒಂದು ಕೈ ಕಂಬದ ಮೇಲಿರಲಿ. ಲೈಫ್ ಜಾಕೆಟ್ ಕ್ಯಾಬಿನ್ನಿನಲ್ಲಿ ದಿಂಬಾಗಿ ಮಲಗಿದ್ದರೆ ಯಾರನ್ನೂ ಉಳಿಸುವುದಿಲ್ಲ.

ಬಂಗುಡೆಯೂ ನೆನಪಾಯಿತು. ಬಿಸಿಲಿನಲ್ಲಿ ಬಿದ್ದಿದ್ದ ಬಂಗುಡೆ, ಟ್ಯೂನಾ ಸಾರು ಮಾಡಿ ಉಂಡು ಮುಖ ಕೆಂಪಾಗಿ ತಲೆ ಸಿಡಿಯುತ್ತದೆ ಎನ್ನುತ್ತಾರಲ್ಲ, ಮೀನಿನಲ್ಲಿ ಹುಟ್ಟಿದ ಆ ವಿಷ ಕುದಿಸಿದರೂ ಹೋಗುವುದಿಲ್ಲ. ಊಟದ ಮೀನನ್ನೂ ಮಾರಾಟದ ಮೀನಿನಂತೆ ತಕ್ಷಣ ಐಸಿಗೆ ಹಾಕಿ.

ನಮ್ಮ ಬೋಟಿನ ಔಷಧಿ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ, ಜೂನ್–ಜುಲೈ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬೋಟಿಗೆ ಬಣ್ಣ ಹೊಡೆಯುವಾಗಲೇ ಖಾಲಿ ಮಾಡಿ ತುಂಬುತ್ತೇನೆ. ಬೆಟಾಡಿನ್, ಗಾಯಕ್ಕೆ ಇಡುವ ಗಾಜ್ (gauze) ಬಟ್ಟೆ, ಅಗಲದ ಕ್ರೇಪ್ ಬ್ಯಾಂಡೇಜ್, ಚಿಮುಟ, ಪ್ಯಾರಾಸಿಟಮಾಲ್, ವಾಂತಿಗೆ ಅವೊಮಿನ್, ಎಲೆಕ್ಟ್ರಾಲ್. ಅವೊಮಿನ್ ತಿಂದವನಿಗೆ ನಿದ್ದೆ ಬರುತ್ತದೆ, ಅವನನ್ನು ಚುಕ್ಕಾಣಿಗೂ ವಿಂಚಿಗೂ ನಿಲ್ಲಿಸಬೇಡಿ. ಬೋಟು ನಡೆಸುವ ತಾಂಡೇಲರಲ್ಲಿ ಬಿಪಿ, ಶುಗರ್ ಇದ್ದವರ ಮಾತ್ರೆ ಹತ್ತು ದಿನದ ಟ್ರಿಪ್ಪಿಗೆ ಹದಿನೈದು ದಿನದ್ದು ಇರಲಿ.

ತಮ್ಮಾ, ನೆಟ್‌ವರ್ಕ್ ಸಿಗುವಷ್ಟು ದಡಕ್ಕೆ ಹತ್ತಿರ ಇದ್ದೀರಿ ಎಂದರೆ ಬಲೆ ಎತ್ತಿ ಮಲ್ಪೆಗೆ ತಿರುಗಿಸಿ, ದಕ್ಕೆಗೆ 108 ಬರಲು ಈಗಲೇ ಹೇಳಿಬಿಡಿ. ಉಸಿರಾಟಕ್ಕೆ ತೊಂದರೆ, ತಲೆಸುತ್ತಿ ಬೀಳುವುದು ಶುರುವಾದರೆ ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಿ, ಸಿಗ್ನಲ್ ಹೋದರೆ ವಯರ್‌ಲೆಸ್ಸಿನಲ್ಲಿ ಚಾನೆಲ್ 16. ಹಗ್ಗ ಬಿಚ್ಚಿದ ಮೇಲೆ ಬೆರಳುಗಳ ಬಣ್ಣ ಹೇಗಿದೆ? ಒಂದು ಪಟ ತೆಗೆದು ಹಾಕಿ.